ಹೆದರಲು ಬಾರದ ರಕ್ತ

ಗದಗ, ಹದಿಮೂರನೆಯ ತಿಂಗಳ ೯, ೨೩೪೧

ಹಿಂದಿನ ಕಾಲದ ಹೃದ್ರೋಗ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಿಂಗಳಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ತಿದ್ದಿ ಬರೆಯಲು ಸಮಯವಿಲ್ಲ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಅದರ ನಾಲಿಗೆಗೆ 'ನೆಮ್ಮದಿ ಹನಿ' ಬಿಡುತ್ತಾರೆ. ಆಮೇಲೆ ಜೀವನಪೂರ್ತಿ ಅಡ್ರಿನಲ್ ಗ್ರಂಥಿ, ಹೆದರಿದಾಗ ಏರುವ ಕಾರ್ಟಿಸಾಲಿನಂಥ ಹಾರ್ಮೋನುಗಳನ್ನು ದಿನದ ಅಗತ್ಯಕ್ಕಿಂತ ಹೆಚ್ಚು ಸುರಿಸುವುದಿಲ್ಲ. ಮೂರು ತಲೆಮಾರಿನಿಂದ ಇಲ್ಲಿ ಪರೀಕ್ಷೆಗೆ, ನಾಯಿಗೆ, ಅತ್ತೆಗೆ ಯಾರೂ ಹೆದರಿಲ್ಲ. ಹೃದಯದ ಕವಾಟವನ್ನೂ ತೊಡೆಯ ರಕ್ತನಾಳದ ಮೂಲಕವೇ ಸರಿಪಡಿಸುತ್ತಿದ್ದರಿಂದ ಈ ವರ್ಷದವರೆಗೂ ಎದೆ ತೆರೆಯುವ ಪ್ರಸಂಗ ಬಂದಿರಲಿಲ್ಲ. ನಿಮ್ಮ ಕಾಲದ ರೋಗಿಗಳ ರಕ್ತದ ಅಂಕಿಗಳನ್ನು, ಇನ್ನು ಯಾರ ದೇಹವೂ ಹಾಗೆ ನಡೆದುಕೊಳ್ಳುವುದಿಲ್ಲವೆಂದು ಅಳಿಸಿಹಾಕಿದೆವು.

ನನ್ನ ಮಗಳು ದಾನೇಶ್ವರಿಗೆ ಇಪ್ಪತ್ತಾರು ವರ್ಷ. ಹೃದಯದೊಳಗೆ ಗಡ್ಡೆ ಬೆಳೆದಿದೆ; ಎದೆ ತೆರೆಯದೆ ತೆಗೆಯಲಾಗದು. ಈ ವರ್ಷ ಹಾಗೆ ಎದೆ ತೆರೆಸಿಕೊಂಡ ಇಬ್ಬರೂ ಉಳಿಯಲಿಲ್ಲ. ಹೃದಯ ನಿಲ್ಲಿಸಿ, ಅದರ ಕೆಲಸ ಮಾಡುವ ಯಂತ್ರದ ಕೊಳವೆಗಳಲ್ಲಿ ರಕ್ತ ಹರಿದಾಗ ಬಿಳಿ ರಕ್ತಕಣಗಳು ಅದನ್ನು ದಾಳಿಯೆಂದು ತಿಳಿದು ಮೈಯೆಲ್ಲ ಉರಿಯೂತ ಎಬ್ಬಿಸಿದವು. ನಿಮ್ಮ ದೇಹಗಳಲ್ಲಾದರೆ ಕಾರ್ಟಿಸಾಲ್ ಏರಿ ಅದಕ್ಕೆ ಕಡಿವಾಣ ಹಾಕುತ್ತದೆ. ಇವರಲ್ಲಿ ಏರಲೇ ಇಲ್ಲ. ನಾಲ್ಕನೆಯ ಗಂಟೆಗೆ ರಕ್ತದೊತ್ತಡ ಕುಸಿಯಿತು. ಹೊರಗಿನಿಂದ ಕೊಡಬಹುದು, ಆದರೆ ಯಾವ ಗಂಟೆಗೆ ಎಷ್ಟೆಂದು ಬಲ್ಲವರಿಲ್ಲ. ಹೆಚ್ಚಾದರೆ ಸೋಂಕು ತಡೆಯುವ ಶಕ್ತಿ ಹೋಗುತ್ತದೆ.

ಹುಟ್ಟಿದಾಗ ಕಾಮಾಲೆಯಿದ್ದುದರಿಂದ ನನಗೆ ಹನಿ ಹಾಕಿರಲಿಲ್ಲ. ಊರಲ್ಲಿ ಅಂಥವನು ನಾನೊಬ್ಬನೇ. ನಾಳೆ ಬೆಳಿಗ್ಗೆ ಡಾಕ್ಟರ್ ಮೆಹರುನ್ನೀಸಾ ನನ್ನ ಎದೆ ತೆರೆದು, ಯಂತ್ರಕ್ಕೆ ಜೋಡಿಸಿ, ಗಂಟೆಗೊಮ್ಮೆ ರಕ್ತ ತೆಗೆದು, ಕಾರ್ಟಿಸಾಲ್ ಎಷ್ಟೇರಿತೆಂದು ಅಳೆಯುತ್ತಾರೆ; ಮಗಳಿಗೆ ಅದೇ ಅಳತೆಯಲ್ಲಿ ಕೊಡಲು. ನನ್ನ ಹೃದಯಕ್ಕೆ ಯಾವ ರೋಗವೂ ಇಲ್ಲ. ಅದಕ್ಕೇ ಅವರು ಮೂರು ವಾರ ಒಪ್ಪಿರಲಿಲ್ಲ.

"ಒಬ್ಬರ ಅಂಕಿ ಸಾಲಂಗಿಲ್ಲ ಫಕೀರೇಶಣ್ಣಾ. ನಿಮಗ ಅರವತ್ತು, ಆಕಿಗ ಇಪ್ಪತ್ತಾರು," ಎಂದರು.

"ಬ್ಯಾರೆ ಯಾರದರೆ ಅದಾವೇನ್ರಿ?" ಎಂದೆ. ಅವರು ಒಪ್ಪಿಗೆಪತ್ರ ತೆಗೆದು ನನ್ನ ಮುಂದಿಟ್ಟರು.

ಒಪ್ಪಿಗೆಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈ ನಡುಗಿತು. "ಅಪ್ಪಾ, ಕೈ ಯಾಕ ಕುಣಸಾಕತ್ತಿ? ನನಗೂ ಚೂರು ಕಲಸು," ಎಂದು ಮಗಳು ನಕ್ಕಳು. ಕಲಿಸಲಾಗುವುದಿಲ್ಲ.

ನಿಮ್ಮಲ್ಲಿ ಎದೆ ತೆರೆಸಿಕೊಂಡ ಇಪ್ಪತ್ತಾರರ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಕೈಮುಗಿದು ಬೇಡುತ್ತೇನೆ: ಅವರ ಕಾರ್ಟಿಸಾಲ್, ಸಕ್ಕರೆ, ಬಿಳಿಕಣಗಳ ಅಂಕಿಗಳನ್ನು, ಮೊದಲ ಗಂಟೆಯಿಂದ ಎರಡನೆಯ ದಿನದವರೆಗೆ, ನಮ್ಮೂರ ಹತ್ತಿರದ ಕಪ್ಪತಗುಡ್ಡದ ಬಂಡೆಯ ಮೇಲೆ ಕೆತ್ತಿಸಿ. ಕಾಗದ ಬೇಡ, ಕಂಪ್ಯೂಟರ್ ಬೇಡ. ಅವನ್ನು ನಾವು ಅಳಿಸುತ್ತೇವೆ. ನೀವು ಕೆತ್ತಿಸಿದ್ದರೆ ಅದು ಇವತ್ತು ಅಲ್ಲಿರಲೇಬೇಕು. ನನ್ನ ತಮ್ಮ ನಸುಕಿನಲ್ಲೇ ಹುಡುಕಲು ಗುಡ್ಡ ಹತ್ತಿದ್ದಾನೆ. ನಾನು ವಾರ್ಡಿನಲ್ಲಿ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದೇನೆ.

ಫಕೀರೇಶ ಮುಳಗುಂದ