ಮೂರು ಕಾಗದಗಳಲ್ಲಿ ಯಕ್ಷಿತಾ

ಚೆಂಬೂರು,
೧೮ ಸೆಪ್ಟೆಂಬರ್ ೨೦೨೫, ಗುರುವಾರ

ಸೌಭಾಗ್ಯವತಿ ಶೀಲಾವತಿಗೆ,

ಆಶೀರ್ವಾದಗಳು ಎಂದು ಬರೆಯಹೊರಟೆ, ಕೈ ಬರಲಿಲ್ಲ. ಮನೆ ಬಿಟ್ಟು ಹೋಗಿ ಆರು ವರ್ಷವಾದ ಹೆಂಡತಿಗೆ ಆಶೀರ್ವಾದ ಮಾಡಲು ನಾನೇನು ಮಠದ ಸ್ವಾಮಿಯೇ? ನಿನ್ನ ತಂಗಿ ಭುವನೇಶ್ವರಿಯ ಮನೆಯಲ್ಲಿ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ನೋಡುವುದಿಲ್ಲ. ಅದಕ್ಕೇ ನಮ್ಮ ಹೋಟೆಲಿನ ಅಡುಗೆಯ ಪೂವಪ್ಪನ ಕೈಯಲ್ಲಿ ಈ ಕಾಗದ. ಎಪ್ಪತ್ತರ ಮುದುಕ, ಕುರ್ಲಾದಲ್ಲಿ ಗಾಡಿ ಬದಲಿಸಿ ಮುಲುಂಡಿನವರೆಗೆ ಬರಬೇಕು. ಅವನಿಗೊಂದು ಲೋಟ ಕಾಫಿ ಕೊಟ್ಟು ಕೂರಿಸಿ ಇದನ್ನು ಪೂರ್ತಿ ಓದು. ಸಿಟ್ಟಿನಲ್ಲಿ ಅರ್ಧಕ್ಕೆ ಮಡಚಬೇಡ.

ವಿಷಯ ವೀಸಾದ್ದು. ಡಿಸೆಂಬರಿನಲ್ಲಿ ಟೊರಾಂಟೊದಲ್ಲಿ ನಿಖಿತಾಳ ಮದುವೆ. ಅಪ್ಪ ಅಮ್ಮ ಇಬ್ಬರೂ ಬರಬೇಕು, ಒಟ್ಟಿಗೆ ನಿಲ್ಲಬೇಕು ಎಂದು ಹಟ ಹಿಡಿದವಳು ಅವಳೇ. ಒಂದು ತಿಂಗಳ ಮಟ್ಟಿಗೆ ಹೋಗಿಬರುವ ವೀಸಾಕ್ಕೆ ನೀನು ಮುಲುಂಡಿನಲ್ಲಿ ಅರ್ಜಿ ಹಾಕಿಸಿದೆ, ನಾನು ಚೆಂಬೂರಿನಲ್ಲಿ. ಒಂದೇ ಮದುವೆಗೆ ಹೊರಟ ಗಂಡ ಹೆಂಡತಿ ಇಬ್ಬರು ಏಜೆಂಟರ ಹತ್ತಿರ ಹೋದದ್ದು ನಮ್ಮ ದಡ್ಡತನ. ಹೋದ ಶುಕ್ರವಾರ ನನಗೆ ವೀಸಾ ಆಫೀಸಿನಿಂದ ಪತ್ರ ಬಂತು. ನಿನಗೂ ಬಂದಿರಬೇಕು. ನಾವು ಕೊಟ್ಟ ಮಾಹಿತಿ ಒಂದಕ್ಕೊಂದು ತಾಳೆಯಾಗುವುದಿಲ್ಲವಂತೆ. ಹತ್ತು ದಿನದೊಳಗೆ ವಿವರಣೆ ಕೊಡಬೇಕು. ಅದನ್ನು ಅವರು ಒಪ್ಪದಿದ್ದರೆ, ಸುಳ್ಳು ಹೇಳಿದವರಿಗೆ ಐದು ವರ್ಷ ಆ ದೇಶದ ಬಾಗಿಲು ಬಂದ್. ಬರುವ ಸೋಮವಾರ ಕೊನೆಯ ದಿನ.

ಪತ್ರವನ್ನು ನನಗೆ ಓದಿ ಹೇಳಿದವನು ಏಜೆಂಟ್ ಹಿತೇಶ್. ನಮ್ಮ ಕಡೆಯವರ ಹುಡುಗನೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಓದುತ್ತ ಓದುತ್ತ ತಲೆಯೆತ್ತಿ, "ಅಂಕಲ್, ಆಂಟಿ ಅವರ ಫಾರ್ಮಲ್ಲಿ ದೋ ಬೇಟಿ ಅಂತ ಬರೆದಿದ್ದಾರೆ. ಬಡೀ ವಾಲೀ ಯಕ್ಷಿತಾ, ಮ್ಯಾರೀಡ್. ಇದು ಯಾರು?" ಎಂದ.

ಶೀಲಾ, ಇಪ್ಪತ್ತೆಂಟು ವರ್ಷಗಳ ಹಿಂದೆ ಸತ್ತ ಮಗಳಿಗೆ ಮದುವೆಯಾಗಿದೆ ಎಂದು ನನಗೆ ತಿಳಿದದ್ದು ಪರದೇಶದ ಸರಕಾರದಿಂದ. ಎಂಥ ಅಪ್ಪನಿಗೆ ಹೀಗಾಗುತ್ತದೆ, ನೀನೇ ಹೇಳು. ಅಲ್ಲಿಯೇ ಕುರ್ಚಿಯಲ್ಲಿ ಕೂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಹಿತೇಶನ ಆಫೀಸಿನಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಆಮೇಲೆ ಅವನಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ಮದುವೆಯಾಗದೆ ಸತ್ತ ಮಕ್ಕಳಿಗೂ ಪ್ರಾಯಕ್ಕೆ ಬಂದಾಗ ಮದುವೆ ಮಾಡುತ್ತಾರೆ, ಕುಲೆ ಮದುವೆ ಎನ್ನುತ್ತಾರೆ, ಸತ್ತ ಹುಡುಗಿಗೆ ಸತ್ತ ಹುಡುಗನನ್ನೇ ಹುಡುಕಿ, ಎರಡು ಮನೆಯವರೂ ಸೇರಿ, ಮಣೆಯ ಮೇಲೆ ಸೀರೆ ಪಂಚೆ ಇಟ್ಟು ಧಾರೆ ಎರೆಯುತ್ತಾರೆ. ಹಿರಿಯವಳು ಹಾಗೇ ಉಳಿದರೆ ಕಿರಿಯವಳಿಗೆ ಕೂಡಿಬರುವುದಿಲ್ಲ ಎಂಬ ನಂಬಿಕೆ. ನಿಖಿತಾಳಿಗೆ ಮೂರು ಸಂಬಂಧ ಮುರಿದುಬಿದ್ದಾಗ ನೀನು ಊರಿಗೆ ಹೋಗಿ ಬಲ್ಲವರನ್ನು ಕೇಳಿ ಬಂದದ್ದು ಕಿವಿಗೆ ಬಿದ್ದಿತ್ತು. ಮದುವೆಯನ್ನೇ ಮುಗಿಸಿದ್ದು ಗೊತ್ತಿರಲಿಲ್ಲ. ಹಿತೇಶ್ ಎಲ್ಲ ಕೇಳಿ ತಲೆ ಕೆರೆದುಕೊಂಡ. "ಅಂಕಲ್, ಇದಕ್ಕೆ ಫಾರ್ಮಲ್ಲಿ ಕಾಲಂ ಇಲ್ಲ," ಎಂದ.

ಈಗ ಆ ಆಫೀಸರ ಮೇಜಿನ ಮೇಲೆ ಏನಿದೆ ಎಂದು ಹೇಳುತ್ತೇನೆ. ಆರು ವರ್ಷದ ಹಿಂದೆ ಓದಲು ಹೋಗುವಾಗ ನಿಖಿತಾ ತುಂಬಿದ ಫಾರ್ಮನ್ನೂ ಅವರು ತೆಗೆದು ನೋಡಿದ್ದಾರೆ. ಅದರಲ್ಲಿ ಅವಳು, ಅಕ್ಕ ಯಕ್ಷಿತಾ, ೧೯೯೭ರಲ್ಲಿ ಮುಂಬೈಯಲ್ಲಿ ಮರಣ ಎಂದು ಬರೆದಿದ್ದಾಳೆ. ಕಣ್ಣಿಂದ ನೋಡಿಯೇ ಇರದ ಅಕ್ಕನನ್ನು ನಮ್ಮನ್ನು ಕೇಳದೆ ಬರೆದಿದ್ದಾಳೆ, ಪುಣ್ಯಾತ್ಮಳು. ನಿನ್ನ ಫಾರ್ಮಿನಲ್ಲಿ ಅವಳಿಗೆ ಮದುವೆಯಾಗಿದೆ, ಸತ್ತ ತಾರೀಕೇ ಇಲ್ಲ. ನನ್ನ ಫಾರ್ಮಿನಲ್ಲಿ ಒಬ್ಬಳೇ ಮಗಳು. ಒಂದೇ ಹುಡುಗಿ ಒಂದು ಕಾಗದದಲ್ಲಿ ಸತ್ತಿದ್ದಾಳೆ, ಒಂದರಲ್ಲಿ ಸಂಸಾರ ಮಾಡುತ್ತಿದ್ದಾಳೆ, ಇನ್ನೊಂದರಲ್ಲಿ ಹುಟ್ಟೇ ಇಲ್ಲ. ನಮ್ಮ ಮುಖ ಕಾಣದ ಯಾರೋ ಒಬ್ಬರು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದಾರೆ. ಪತ್ರದ ಕೆಳಗೆ ಹೆಸರಿಲ್ಲ, ಎರಡು ಅಕ್ಷರ ಮಾತ್ರ.

ಅವರು ತೂಗುವ ಬಗೆಯನ್ನು ಹಿತೇಶ್ ಮೊದಲ ದಿನವೇ ಹೇಳಿದ್ದ. "ಆಫೀಸರಿಗೆ ನೀವು ಯಾರಂತ ಗೊತ್ತಿಲ್ಲ ಅಂಕಲ್, ಪೇಪರ್ ಮಾತ್ರ. ಯಾಕೆ ಹೋಗ್ತೀರಾ, ಖರ್ಚಿಗೆ ಉಂಟಾ, ವಾಪಸ್ ಬರ್ತೀರಾ, ಅಷ್ಟೇ ನೋಡ್ತಾರೆ. ಒಂದ್ ಕಡೆ ಝೂಟ್ ಸಿಕ್ತು ಅಂದ್ರೆ ಬಾಕಿ ಎಲ್ಲಾ ಸುಳ್ಳೇ." ನಾನು ಹೋಟೆಲಿನ ಲೈಸೆನ್ಸು, ಮನೆಯ ಪೇಪರು, ನಮ್ಮ ಮದುವೆಯ ಫೋಟೊ ಎಲ್ಲವನ್ನೂ ಹೊತ್ತು ಹಾಕಿದ್ದೆ.

ಈ ಪತ್ರ ಬಂದ ಮೇಲೆ ಅವನೇ ಒಂದು ದಾರಿ ತೋರಿಸಿದ. ನನ್ನ ಫಾರ್ಮಿನಲ್ಲಿ ಯಕ್ಷಿತಾಳ ಹೆಸರು ಬಿಟ್ಟುಹೋದದ್ದು ಟೈಪಿಂಗಿನ ತಪ್ಪು ಎಂದು ಬರೆಯುವುದು. ನಿನ್ನದು, ತಲೆ ಸರಿಯಿಲ್ಲದವಳು ಬರೆದದ್ದು ಎಂದು ಬರೆಯುವುದು. ಡಾಕ್ಟರ ಕಾಗದವೇನಾದರೂ ಇದ್ದರೆ ಪಕ್ಕಾ ಆಗುತ್ತದೆ, ನನ್ನ ವೀಸಾ ಉಳಿಯುತ್ತದೆ ಎಂದ. ನಿನ್ನದು ಏನಾಗುತ್ತದೆ ಎಂದು ಕೇಳಿದೆ. ಒಬ್ಬರಾದರೂ ಮದುವೆಗೆ ಹೋದ ಹಾಗಾಯಿತಲ್ಲ ಎಂದ.

ಯಕ್ಷಿತಾ ತೀರಿಕೊಂಡ ವರ್ಷ ನೀನು ಎಂಟು ತಿಂಗಳು ಮನಸ್ಸಿನ ಡಾಕ್ಟರ ಮಾತ್ರೆ ತೆಗೆದುಕೊಂಡಿದ್ದೆ. ಆ ಡಾಕ್ಟರ ಚೀಟಿ ಟ್ರಂಕಿನಲ್ಲಿತ್ತು. ನಾನು ಮನೆಗೆ ಬಂದು ಅದನ್ನು ಹುಡುಕಿ ತೆಗೆದೆ. ಹುಡುಕಿದೆ ಎಂದರೆ ಸುಳ್ಳು, ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಶನಿವಾರವೂ ಭಾನುವಾರವೂ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಈ ಕಾಗದ ಬರೆಯಲು ಕೂತದ್ದೂ ಆ ವಿವರಣೆಗೆ ನಿನ್ನ ಸಹಿ ಕೇಳಲೆಂದೇ. ಇಲ್ಲಿಯವರೆಗೆ ಬರೆದು ಎದ್ದುಹೋಗಿ ಮುಖ ತೊಳೆದು ಬಂದೆ. ಇನ್ನು ಮುಚ್ಚಿಡಲು ಆಗುವುದಿಲ್ಲ.

ಟೈಪಿಂಗಿನ ತಪ್ಪಲ್ಲ ಶೀಲಾ. ಮಕ್ಕಳೆಷ್ಟು ಎಂದು ಹಿತೇಶ್ ಕೇಳಿದಾಗ ಒಬ್ಬಳೇ ಎಂದೆ. ಅವನು ಕೈ ನಿಲ್ಲಿಸಿ, "ಎಕ್ಸ್‌ಪೈರ್ ಆದವರದ್ದೂ ಬರೀಬೇಕು ಹಾಂ ಅಂಕಲ್, ಮತ್ತೆ ಪ್ರಾಬ್ಲಮ್ ಆಗ್ತದೆ," ಎಂದ. "ಇಲ್ಲ ಅಂದೆನಲ್ಲ ಮಾರಾಯ, ಒಬ್ಬಳೇ," ಎಂದು ರೇಗಿದೆ. ಅಡಿಯಲ್ಲಿ ಇದೆಲ್ಲ ನಿಜ ಎಂದು ಸಹಿ ಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಆಫೀಸರ ಪತ್ರ ಬಂದಾಗ ಎಲ್ಲರಿಗಿಂತ ಜೋರಾಗಿ ಕೂಗಾಡಿದವನೂ ನಾನೇ. ಫಾರ್ಮು ಕೇಳಿದ್ದಕ್ಕೆ ಉತ್ತರ ಕೊಟ್ಟವಳು ನೀನು. ಅವಳನ್ನು ಅಳಿಸಿದವನು ನಾನು.

ಯಾಕೆ ಎಂದು ನೀನು ಕೇಳುತ್ತೀ. ನಿಖಿತಾ ಹುಟ್ಟಿ ಆರು ದಿನ. ನೀನು ತವರಿನಲ್ಲಿ ಬಾಣಂತಿ, ಯಕ್ಷಿತಾ ಶಾಲೆ ಬಿಡಬಾರದೆಂದು ಇಲ್ಲಿ ನನ್ನ ಹತ್ತಿರ. ಐದು ವರ್ಷದ ಮಗು. ಗುರುವಾರ ಫೋನಿನಲ್ಲಿ ಅವಳ ಧ್ವನಿ ಕೇಳಿಯೇ ನಿನಗೆ ಗೊತ್ತಾಯಿತು, ಡಾಕ್ಟರಿಗೆ ತೋರಿಸಿ ಎಂದು ನೀನು ಹೇಳಿದೆ. ಶುಕ್ರವಾರ ತೋರಿಸಿ ಬಂದೆ, ಮಾಮೂಲು ಜ್ವರ ಎಂದು ನಾನು ಹೇಳಿದೆ. ನಾನು ತೋರಿಸಿರಲಿಲ್ಲ. ಹೋಟೆಲಿನಲ್ಲಿ ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ, ಗಲ್ಲಾ ಬಿಟ್ಟೇಳಲಿಲ್ಲ. ಅವಳು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಮೇಲೆ ಹೊದ್ದು ಮಲಗಿದ್ದಳು. ಶನಿವಾರ ಸಂಜೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಮಲೇರಿಯ ತಲೆಗೇರಿದೆ, ತಡವಾಯಿತು ಎಂದರು. ಈ ಮಾತನ್ನು ಇಂದಿನವರೆಗೆ ನಿನಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹೋದಳು. ಪ್ರತಿ ಭಾನುವಾರ ಮೂರೂವರೆಗೆ ನಾನು ಫೋನು ಮಾಡುವ ವಾಡಿಕೆ. ಬಾಣಂತಿಗೆ ಹೇಳಬೇಡಿ, ನಲವತ್ತು ದಿನ ಕಳೆಯಲಿ ಎಂದು ನಿನ್ನ ಅಮ್ಮ ಅತ್ತುಕೊಂಡೇ ಅಂದರು. ಆಮೇಲೆ ಫೋನು ನಿನ್ನ ಕೈಗೆ ಬಂತು, ಮಗು ಎಲ್ಲಿ ಎಂದು ನೀನು ಕೇಳಿದೆ. ಮಲಗಿದ್ದಾಳೆ ಎಂದು ನಾನು ಹೇಳಿದೆ. ಅದರ ಮುಂದಿನ ವಾರ ಆಡಲು ಹೋಗಿದ್ದಾಳೆ ಎಂದೆ. ಮೂರನೆಯ ವಾರ ನೀನು ಅನುಮಾನದಿಂದ ಕೇಳಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಮುಂದಿನ ಹಲ್ಲು ಬಿದ್ದಿದೆ, ನಾಚಿಕೆಯಿಂದ ಫೋನಿಗೆ ಬರುವುದಿಲ್ಲ ಅಂದೆ. ನೀನು ನಕ್ಕೆ. ಬಿದ್ದ ಹಲ್ಲನ್ನು ಎಸೆಯಬೇಡಿ, ತೆಗೆದಿಡಿ ಎಂದೆ. ಐದು ಭಾನುವಾರ ಅವಳನ್ನು ಬದುಕಿಸಿಟ್ಟವನು ನಾನು. ಆಮೇಲೆ ಮನೆಯಲ್ಲಿ ಅವಳ ಹೆಸರು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದವನೂ ನಾನು. ಅವಳ ಹೆಸರಿಲ್ಲದ ಮನೆಯಲ್ಲಿ ಯಾರಿಗಾಗಿ ಇರಲಿ ಎಂದು ಕೇಳಿಯೇ ನೀನು ಹೊರಟೆ. ಹೆಣವನ್ನು ನೋಡದ ತಾಯಿ ಸತ್ತ ತಾರೀಕು ಹೇಗೆ ಬರೆದಾಳು ಎಂದು ಈಗ ಅರ್ಥವಾಗುತ್ತದೆ.

ಇನ್ನೊಂದು ಮಾತು. ನಗಬೇಡ, ಹೆದರಲೂ ಬೇಡ. ಊಟದ ಗಿರಾಕಿಗಳು ಮುಗಿದು ಚಹಾದವರು ಬರುವ ಮುಂಚೆ ಹೋಟೆಲು ಒಂದು ತಾಸು ಖಾಲಿ ಇರುತ್ತದಲ್ಲ. ಒಬ್ಬಳೇ ಎಂದು ಸಹಿ ಹಾಕಿ ಬಂದ ಮರುದಿನದಿಂದ ಆ ಹೊತ್ತಿಗೆ ಅವಳು ಬರುತ್ತಾಳೆ. ಉಗ್ರಾಣದ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಕಾಲು ಆಡಿಸುತ್ತಾಳೆ. ಮಾತಿಲ್ಲ. ನನ್ನನ್ನು ನೋಡಿ ನಗುತ್ತಾಳೆ, ಮುಂದಿನ ಹಲ್ಲು ಇಲ್ಲ. ಬದುಕಿದ್ದಾಗ ಅವಳ ಒಂದು ಹಲ್ಲೂ ಅಲುಗಾಡಿರಲಿಲ್ಲ. ಅದು ಬಿದ್ದದ್ದು ನನ್ನ ಬಾಯಲ್ಲಿ ಮಾತ್ರ. ನನಗೆ ಅವಳ ಭಯವಿಲ್ಲ, ಆ ಹಲ್ಲಿಲ್ಲದ ಜಾಗದ ಭಯ. ಮೊನ್ನೆ ಪೂವಪ್ಪ ಆ ಬೆಂಚು ಒರೆಸುವಾಗ ಒಂದು ತುದಿಯನ್ನು ಬಿಟ್ಟು ಒರೆಸಿದ.

ಇಲ್ಲಿಗೆ ಪೆನ್ನು ಇಟ್ಟು ಹಿತೇಶನ ಆಫೀಸಿಗೆ ಹೋಗಿಬಂದೆ. ಅವನ ವಿವರಣೆ ಬೇಡ ಎಂದೆ. ನಾನೇ ಬರೆದೆ, ಅವನು ಇಂಗ್ಲಿಷಿಗೆ ಹಾಕಿಕೊಟ್ಟ. ನನಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ತೀರಿಕೊಂಡದ್ದನ್ನು ಗೊತ್ತಿದ್ದೂ ಮುಚ್ಚಿಟ್ಟೆ, ತಪ್ಪು ಏಜೆಂಟನದಲ್ಲ. ನನ್ನ ಹೆಂಡತಿ ಸುಳ್ಳು ಬರೆದಿಲ್ಲ, ನಮ್ಮ ಕಡೆಯ ಪದ್ಧತಿಯಂತೆ ಸತ್ತ ಮಗಳಿಗೆ ಮದುವೆ ಮಾಡಿದ್ದಾಳೆ. ಇಷ್ಟೇ. ಇದನ್ನು ಕಳಿಸಿದರೆ ನನ್ನ ಅರ್ಜಿ ಹೋದ ಹಾಗೇ ಎಂದು ಹಿತೇಶ್ ಎರಡು ಸಲ ಎಚ್ಚರಿಸಿದ, ಆದರೂ ಕಳಿಸಿಯೇ ಬಂದೆ. ನಿನ್ನದು ಉಳಿಯಬಹುದಂತೆ, ಆದರೆ ನೀನು ಅವಳ ಸಾವಿನ ಸರ್ಟಿಫಿಕೇಟು ಸೇರಿಸಿ ಕಳಿಸಬೇಕು. ಅದೂ, ಆ ಡಾಕ್ಟರ ಚೀಟಿಯೂ ಇದರ ಜೊತೆಗಿವೆ. ಚೀಟಿಯನ್ನು ಒಲೆಗೆ ಹಾಕು. ಸರ್ಟಿಫಿಕೇಟನ್ನು ನಿನಗೆ ನಾನು ಯಾವತ್ತೂ ತೋರಿಸಿರಲಿಲ್ಲ. ಒಬ್ಬಳೇ ಇದ್ದಾಗ ನೋಡಬೇಡ, ಭುವನೇಶ್ವರಿಯನ್ನು ಪಕ್ಕದಲ್ಲಿ ಕೂರಿಸಿಕೋ. ನೋಡಿದ ಮೇಲೆ ಸೋಮವಾರದೊಳಗೆ ಕಳಿಸು.

ಮದುವೆಗೆ ನೀನು ಹೋಗು ಶೀಲಾ. ವಾಪಸು ಬರುತ್ತೀಯೋ ಇಲ್ಲವೋ ಎಂಬುದು ಆಫೀಸರ ಚಿಂತೆ. ನನಗೆ ಆ ಚಿಂತೆ ಇಲ್ಲ. ಹಿರಿಯವಳನ್ನು ಈ ಮಣ್ಣಿನಲ್ಲಿ ಬಿಟ್ಟು ನೀನು ಎಲ್ಲಿಯೂ ನಿಲ್ಲುವವಳಲ್ಲ. ಅದನ್ನು ಆ ಕಾಗದದಲ್ಲಿ ಹೇಗೆ ಬರೆಯುವುದೆಂದು ನನಗೆ ತಿಳಿಯಲಿಲ್ಲ. ನಿಖಿತಾಳಿಗೆ, ಅಪ್ಪನಿಗೆ ಯಾಕೆ ಬರಲಾಗಲಿಲ್ಲ ಎಂಬುದನ್ನು ನಾನೇ ಫೋನು ಮಾಡಿ ಹೇಳುತ್ತೇನೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಇತಿ,
ಯಕ್ಷಿತಾ ಮತ್ತು ನಿಖಿತಾ, ಇಬ್ಬರ ತಂದೆ,
ಧನರಾಜ್

ಮರೆತದ್ದು: ಲಕೋಟೆ ಅಂಟಿಸಿ ಪೂವಪ್ಪನ ಕೈಗೆ ಕೊಟ್ಟೆ. ಅವನು ಹೊರಡದೆ ಅಲ್ಲೇ ನಿಂತ. ಹೋದ ವರ್ಷ ಅಣ್ಣನ ಮಗಳ ಮದುವೆ ಎಂದು ರಜೆ ಹಾಕಿ ಊರಿಗೆ ಹೋಗಿದ್ದನಲ್ಲ, ಅದು ಆಟಿ ತಿಂಗಳು, ಕುಲೆ ಮದುವೆಗಳ ಕಾಲ. ಬದುಕಿದ್ದವರಿಗೆ ಆಟಿಯಲ್ಲಿ ಯಾರು ಮದುವೆ ಮಾಡುತ್ತಾರೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. "ಧಣಿ, ಧಾರೆಗೆ ಅಪ್ಪನ ಜಾಗದಲ್ಲಿ ನಿಂತದ್ದು ನಾನು. ಅಮ್ಮ ಕರೆದರು, ಇಲ್ಲ ಅನ್ನಲಿಕ್ಕೆ ಆಗಲಿಲ್ಲ," ಎಂದ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಹುಡುಗನ ಹೆಸರೇನೆಂದು ಕೇಳಿದೆ. ಅದನ್ನು ಅಮ್ಮನ ಹತ್ತಿರವೇ ಕೇಳಿ ಎನ್ನುತ್ತಾನೆ. ಅದಕ್ಕೇ ಲಕೋಟೆ ಒಡೆದು ಇಷ್ಟು ಬರೆಯುತ್ತಿದ್ದೇನೆ. ನಮ್ಮ ದೊಡ್ಡ ಅಳಿಯನ ಹೆಸರೇನು, ಯಾವ ಮನೆಯವನು, ಎಷ್ಟು ವರ್ಷಕ್ಕೆ ಹೋದ ಮಗು, ಒಂದು ಚೀಟಿಯಲ್ಲಿ ಬರೆದು ಪೂವಪ್ಪನ ಕೈಯಲ್ಲಿ ಕೊಡು. ಫಾರ್ಮಿಗೆ ಅದು ಬೇಕಾಗಿಲ್ಲ. ನನಗೆ ಬೇಕು.