ನಿಮ್ಮ ಪಟ್ಟಿಯಲ್ಲಿ ಸುಗರಾಬಿ ಇನ್ನೂ ಆರೋಗ್ಯವಂತೆ

ರೋಗ ತಗಲದವರ ರಕ್ತವನ್ನು ಅಭ್ಯಾಸ ಮಾಡುವ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಪಟ್ಟಿಯ ಪ್ರಕಾರ ನನ್ನ ಹೆಂಡತಿ ಸುಗರಾಬಿ ಆರೋಗ್ಯವಂತೆ. ಶಹಾಪುರದ ಕಬರಸ್ತಾನದಲ್ಲಿ ಅವಳಿಗೆ ಮಣ್ಣು ಕೊಟ್ಟು ಎಂಟು ತಿಂಗಳಾಯಿತು. ಸತ್ತದ್ದು ಟಿ.ಬಿ.ಯಿಂದ. ಯಾವ ರೋಗ ಇವಳಿಗೆ ತಗಲಲಿಲ್ಲವೆಂದು ನಿಮ್ಮವರು ಮೂರು ಸಲ ಬಂದು ರಕ್ತ ತೆಗೆದುಕೊಂಡು ಹೋದರೋ, ಅದೇ ರೋಗದಿಂದ. ಈ ಎರಡರಲ್ಲಿ ಒಂದು ಸುಳ್ಳಿರಲೇಬೇಕು. ಪ್ರತಿ ಶುಕ್ರವಾರ ನಾನು ಕಬರಸ್ತಾನಕ್ಕೆ ಹೋಗಿ ನೋಡಿ ಬರುತ್ತೇನೆ, ಅವಳು ಅಲ್ಲೇ ಇದ್ದಾಳೆ. ಹಾಗಾಗಿ ನಿಮ್ಮ ಪಟ್ಟಿಯ ಬಗ್ಗೆ ಬರೆಯುತ್ತಿದ್ದೇನೆ. ಅಂಚೆಯಲ್ಲಿ ಎರಡು ಅರ್ಜಿ ಕಳಿಸಿದ್ದೆ. ಉತ್ತರ ಬರಲಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ.

ನಾನು ತಹಶೀಲ ಕಚೇರಿಯ ಮುಂದೆ ಕೂತು ಮೂವತ್ತೊಂದು ವರ್ಷದಿಂದ ಮಂದಿಗೆ ಅರ್ಜಿ ಬರೆದುಕೊಡುವವನು. ಎಷ್ಟೋ ಜನರ ಕಣ್ಣೀರಿಗೆ 'ವಿಷಯ' ಎಂದೂ 'ಉಲ್ಲೇಖ' ಎಂದೂ ತಲೆಬರಹ ಹಾಕಿ ಕೊಟ್ಟಿದ್ದೇನೆ. ನನ್ನದಕ್ಕೆ ಏನು ಹಾಕಬೇಕೋ ಹೊಳೆಯುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಸುಗರಾಬಿಯ ತಮ್ಮ ಗಯಾಸನಿಗೆ ಟಿ.ಬಿ. ಬಂತು. ನಮ್ಮ ಮನೆಯಲ್ಲೇ ಇದ್ದ. ಅವನಿಗೆ ಗಂಜಿ ಕುಡಿಸಿದವಳು, ಹಾಸಿಗೆ ತೊಳೆದವಳು, ಆರು ತಿಂಗಳು ಎದುರು ನಿಂತು ಗುಳಿಗೆ ನುಂಗಿಸಿದವಳು ಇವಳೇ. ಅವನು ಗುಣವಾದ. ಆಗ ನಿಮ್ಮ ತಂಡ ಬಂತು. ಒಂದೇ ಸೂರಿನಡಿ ಒಂದೇ ಗಾಳಿ ಕುಡಿದರೂ ಕೆಲವರಿಗೆ ರೋಗ ತಗಲುತ್ತದೆ, ಕೆಲವರಿಗೆ ತಗಲುವುದಿಲ್ಲ. ತಗಲದವರ ರಕ್ತದಲ್ಲಿ ಏನಿದೆ? ಇದು ನಿಮ್ಮ ಪ್ರಶ್ನೆ. ಒಳ್ಳೆಯ ಪ್ರಶ್ನೆ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಉತ್ತರ ಸಿಕ್ಕರೆ ನಾಳೆ ಯಾರದೋ ಮನೆಯ ಸುಗರಾಬಿ ಬದುಕಿಯಾಳು.

ಮೊದಲ ಸಲದ ಎಕ್ಸರೇ, ರಕ್ತ, ಎಲ್ಲ ಸ್ವಚ್ಛವಾಗಿತ್ತು. ನಿಮ್ಮ ಡಾಕ್ಟರರು ನಗುತ್ತಾ, "ಅಮ್ಮಾ, ನಿಮ್ಮ ರಕ್ತದಲ್ಲೇ ಏನೋ ಶಕ್ತಿ ಇದೆ" ಎಂದರು. ಅವರು ಸಂತೋಷಕ್ಕೆ ಆಡಿದ ಮಾತು, ಸಂಜೆಯೊಳಗೆ ಮರೆತಿರಬಹುದು. ಹುಟ್ಟಿದಾಗಿನಿಂದ ಯಾರಿಂದಲೂ ಒಂದು ಹೊಗಳಿಕೆ ಕೇಳದ ಹೆಂಗಸು ಮರೆಯುತ್ತಾಳೆಯೇ? "ನನ್ನ ರಕ್ತ ಗಟ್ಟಿ ಅದಂತ, ದೊಡ್ಡ ಡಾಕ್ಟರೇ ಹೇಳ್ಯಾರ" ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು. ಓಣಿಯ ಮಕ್ಕಳು ಅವಳನ್ನು ಗಟ್ಟಿ ರಕ್ತದ ಖಾಲಾ ಎಂದು ಕರೆದವು. ನಾನೂ ಚೇಷ್ಟೆ ಮಾಡುತ್ತಿದ್ದೆ.

ನನ್ನ ತಪ್ಪನ್ನೂ ಇಲ್ಲೇ ಹೇಳಬೇಕು. ನಿಮ್ಮ ಒಪ್ಪಿಗೆ ಪತ್ರ ಹತ್ತು ಪುಟ. ಓಣಿಯ ಆರು ಮನೆಗಳಿಗೆ ಅದನ್ನು ಓದಿ ನಮ್ಮ ದಖನಿ ಉರ್ದುವಿನಲ್ಲಿ ತಿಳಿಸಿದವನು ನಾನೇ. ಏಳನೆಯ ಪುಟದಲ್ಲಿ 'ಇದು ಚಿಕಿತ್ಸೆಯಲ್ಲ, ತೊಂದರೆ ಕಂಡರೆ ಆಸ್ಪತ್ರೆಗೆ ಹೋಗತಕ್ಕದ್ದು' ಎಂದಿತ್ತು. ಅದನ್ನು ಹಾರಿಸಿದೆ. ಇಂಥ ಸಾಲುಗಳು ಕಾಗದದ ಶೋಭೆಗೆ ಇರುತ್ತವೆ ಎಂದು ಕಾಗದದಲ್ಲೇ ಬದುಕಿದವನಿಗೆ ಅನ್ನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿಮ್ಮವರು ಮೂರನೆಯ ಸಲ ಬಂದಾಗ ಸುಗರಾಬಿ ಕೆಮ್ಮುತ್ತಿದ್ದಳು. ನಿಮ್ಮ ಕಡೆಯಿಂದ ಮನೆಮನೆಗೆ ಬರುತ್ತಿದ್ದವಳು ಸುರಪುರದ ಹುಡುಗಿ ಪರಿಮಳಾ.

"ಎಷ್ಟ್ ದಿನಾ ಆತ್ರಿ ಆಪಾ ಕೆಮ್ಮ?"

"ಧೂಳಿಂದವ್ವ, ತಾನೇ ಹೋಗ್ತದ. ಮೊದಲ ನೀ ಚಾ ಕುಡಿ."

ಪರಿಮಳಾ ಕಫ ತುಂಬಿಕೊಡಲು ಒಂದು ಡಬ್ಬಿ ಕೊಟ್ಟಳು. ಮರುದಿನ ಮುಂಜಾನೆ ಸುಗರಾಬಿ ಎದ್ದು ಎದೆಯೊಳಗಿನದನ್ನೆಲ್ಲ ಬಚ್ಚಲಿಗೆ ಉಗುಳಿ ನೀರು ಸುರಿದಳು. ಹಲ್ಲುಜ್ಜಿದಳು, ಮೂರು ಸಲ ಬಾಯಿ ಮುಕ್ಕಳಿಸಿದಳು, ಒಂದು ಯಾಲಕ್ಕಿ ಅಗಿದಳು. ಆಮೇಲೆ ನೀರಿನಂಥ ತಿಳಿ ಉಗುಳನ್ನು ಡಬ್ಬಿಗೆ ಬಿಟ್ಟಳು. "ಓದಿದೋರು ಕೈಲೆ ಹಿಡಿಯೋದದು. ಹೊಲಸು ಹ್ಯಾಂಗ ಕೊಡ್ಲಿ?" ಎಂದಳು. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು ಕೊಡುವಾಗಲೂ ಗ್ಲಾಸನ್ನು ಎರಡು ಸಲ ತೊಳೆಯುತ್ತಾರೆ. ಇವಳ ಅದಬು, ಮರ್ಯಾದೆ ಕಂಡು ನನಗೆ ಹೆಮ್ಮೆಯಾಯಿತು. ಡಬ್ಬಿಯ ಹೊರಮೈ ಒರೆಸಿ ನಾನೇ ಒಯ್ದು ಕೊಟ್ಟೆ.

ನಿಮ್ಮ ಯಂತ್ರ ಆ ಉಗುಳನ್ನು ಪರೀಕ್ಷಿಸಿ ರೋಗಾಣು ಇಲ್ಲ ಎಂದಿತು. ಯಂತ್ರದ ತಪ್ಪಲ್ಲ, ಯಾಲಕ್ಕಿಯಲ್ಲಿ ಟಿ.ಬಿ. ಇರುವುದಿಲ್ಲ.

ಆಮೇಲೆ ನಿಮ್ಮವರು ಬರಲಿಲ್ಲ. ಬೇಕಾದಷ್ಟು ರಕ್ತ ಸಿಕ್ಕಿತ್ತಂತೆ, ಅಧ್ಯಯನ ಮುಗಿದಿತ್ತಂತೆ. ಅವಳ ಕೆಮ್ಮು ಮುಗಿದಿರಲಿಲ್ಲ. ಸರಕಾರಿ ದವಾಖಾನೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ನಡಿ ಎಂದರೆ, "ಅಷ್ಟು ದೊಡ್ಡ ಮಷೀನೇ ಏನಿಲ್ಲ ಅಂದದ. ಇಲ್ಲಿ ಎದಿಗಿ ಕೊಳವಿ ಹಚ್ಚಿ ಏನ್ ನೋಡ್ತಾರ?" ಎನ್ನುತ್ತಿದ್ದಳು. ನಾನು ಎರಡು ಸಲ ಹೇಳಿ ಸುಮ್ಮನಾದೆ. ಮೂರನೆಯ ಸಲ ಯಾಕೆ ಹೇಳಲಿಲ್ಲ ಎಂದು ದಿನಾ ಕೇಳಿಕೊಳ್ಳುತ್ತೇನೆ. ನಾಲ್ಕು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಕಲಬುರಗಿಗೆ ಒಯ್ಯುವ ಹೊತ್ತಿಗೆ ಎರಡೂ ಪುಪ್ಪುಸ ಹೋಗಿದ್ದವು.

ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಿಮ್ಮ ವರದಿ ನೋಡಿ ಒಂದೇ ಪ್ರಶ್ನೆ ಕೇಳಿದರು. "ಕೆಮ್ಮಿ ಎದೆಯಿಂದ ತೆಗೆದದ್ದು ಕೊಟ್ಟಿದ್ರೋ, ಬರೀ ಬಾಯಿ ಉಗುಳೋ?" ಬಾಯಿ ಮುಕ್ಕಳಿಸಿದ್ದು, ಯಾಲಕ್ಕಿ ಅಗಿದದ್ದು ಎಲ್ಲ ಹೇಳಿದೆ. ಸ್ವಾಮಿ, ಈ ಪ್ರಶ್ನೆ ನಿಮ್ಮ ಹತ್ತು ಪುಟಗಳಲ್ಲಿ ಎಲ್ಲಿದೆ? ರಕ್ತದ ಕಣಕಣವನ್ನೂ ಎಣಿಸಬಲ್ಲವರಿಗೆ ಒಬ್ಬ ಹೆಂಗಸು ಹೇಗೆ ಉಗುಳುತ್ತಾಳೆಂದು ಕೇಳುವುದು ಅಷ್ಟು ಸಣ್ಣ ಕೆಲಸವಾಯಿತೇ? ಪರಿಮಳಾಳನ್ನು ದೂರುವುದಿಲ್ಲ. ಅವಳಿಗೆ ಡಬ್ಬಿ ಕೊಟ್ಟು ಕಳಿಸಿದವರು ಡಬ್ಬಿಯ ಮೇಲೆ ನಂಬರು ಹಚ್ಚುವುದನ್ನಷ್ಟೇ ಕಲಿಸಿದ್ದರು.

ಇಪ್ಪತ್ತು ದಿನಕ್ಕೆ ಸುಗರಾಬಿ ಹೋದಳು. ಗಯಾಸ ಈಗ ನನ್ನ ಮನೆಯಲ್ಲಿ ಊಟ ಮಾಡುವುದಿಲ್ಲ. "ನಾ ತಂದಿಟ್ಟ ಬ್ಯಾನಿ ಅಕ್ಕನ್ನ ಒಯ್ತು ಭಾಯಿ" ಎಂದು ಹೊಸ್ತಿಲಲ್ಲೇ ನಿಂತು ಹೋಗುತ್ತಾನೆ. ನಲವತ್ತನೆಯ ದಿನದ ಫಾತಿಹಾ ಮುಗಿದ ವಾರಕ್ಕೆ ನಿಮ್ಮ ಕೇಂದ್ರದಿಂದ ಅವಳ ಹೆಸರಿಗೆ ಪ್ರಮಾಣಪತ್ರ ಬಂತು: 'ಆರೋಗ್ಯವಂತರ ಗುಂಪಿನಲ್ಲಿ ಪಾಲ್ಗೊಂಡದ್ದಕ್ಕೆ ಧನ್ಯವಾದಗಳು.' ಯಾರ ಕೈಗೆ ಕೊಡಲಿ ಅದನ್ನು?

ಇಷ್ಟೇ ಆಗಿದ್ದರೆ ಅತ್ತು ಸುಮ್ಮನಿರುತ್ತಿದ್ದೆ. ಆದರೆ ಮುದನಾಳದಲ್ಲಿ ಮಾನಮ್ಮ ಎಂಬ ಕೂಲಿ ಹೆಂಗಸು ಇದ್ದಾಳೆ. ಗಂಡ ಟಿ.ಬಿ.ಯಿಂದ ಗುಣವಾದವನು, ಇವಳು ನಿಮ್ಮ ಅದೇ ಆರೋಗ್ಯವಂತರ ಗುಂಪಿನವಳು. ಅವಳಿಗೆ ಎರಡು ತಿಂಗಳಿಂದ ಕೆಮ್ಮು. ಅಧ್ಯಯನ ಮುಗಿದು ಕೆಲಸ ಹೋದ ಮೇಲೂ ಪರಿಮಳಾ ಸ್ವಂತ ಮನಸ್ಸಿನಿಂದ ಹೋಗಿ ನೋಡಿ, ಬಂದು ನನಗೆ ಹೇಳಿದಳು. ಕಳೆದ ಸೋಮವಾರ ಬಸ್ಸು ಹತ್ತಿ ಹೋದೆ. ಸುಗರಾಬಿಯ ಕಥೆ ಪೂರಾ ಹೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು, ಕಣ್ಣಲ್ಲಿ ನೀರೂ ತಂದಳು.

"ಪಾಪ, ಹೊಲಸು ಹ್ಯಾಂಗ ಕೊಡಬೇಕ್ರಿ? ನಾನೂ ಬಾಯಿ ತೊಳಕೊಂಡೇ ಕೊಟ್ಟೀನಿ" ಎಂದಳು.

"ಅದಕ್ಕೇ ಹೇಳಾಕತ್ತೀನಿ ತಂಗಿ. ಇವತ್ತೇ ದವಾಖಾನಿಗಿ ನಡಿ."

"ನೀವು ಅರ್ಜಿ ಬರಿಯೋರು ಸಾಬ್ರ, ರಕ್ತದ ಮಾತು ನಿಮಗೇನ್ ಗೊತ್ತದ? ನಂದು ಗಟ್ಟಿ ಅದ ಅಂತ ಡಾಕ್ಟರ ಬಾಯಿಲೆ ಕೇಳೀನಿ. ಅವರೇ ಬಂದು ಅಲ್ಲ ಅನ್ಲಿ, ನಾಳಿಗೇ ಹೋಗ್ತೀನಿ."

ಮೊದಲು ಹೋಗಿದ್ದ ಪರಿಮಳಾಳ ಮಾತನ್ನೂ ಅವಳು ಕೇಳಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡ ಮೊಮ್ಮಗಳ ಸಮೇತ ಕೆಮ್ಮುತ್ತಾ ಹೊಲಕ್ಕೆ ನಡೆದಳು.

ಹಾಗಾಗಿ ನನ್ನ ಬೇಡಿಕೆ ಇದು. ಸುಗರಾಬಿಯ ಹೆಸರನ್ನು ಆರೋಗ್ಯವಂತರ ಪಟ್ಟಿಯಿಂದ ತೆಗೆದು, ಅವಳು ಯಾವ ರೋಗದಿಂದ ಸತ್ತಳೆಂದು ಬರೆಯಿರಿ. ಅವಳ ರಕ್ತ ನಿಮ್ಮ ಪುಸ್ತಕದಲ್ಲಿ ಸುಳ್ಳು ಹೇಳುವುದು ಅವಳಿಗೂ ಹಿಡಿಸುತ್ತಿರಲಿಲ್ಲ. ಆ ಪಟ್ಟಿಯಲ್ಲಿರುವ ಪ್ರತಿ ಮನೆಯ ಬಾಗಿಲಿಗೂ ಮತ್ತೆ ಜನ ಕಳಿಸಿ. ಅದಕ್ಕೆ ಸಭೆ, ಮಂಜೂರಾತಿ, ಸಹಿ ಎಂದು ತಿಂಗಳುಗಳು ಬೇಕು, ನನಗೆ ಗೊತ್ತು. ಮಾನಮ್ಮನ ಮನೆಗೆ ಮಾತ್ರ ನೀವು ಈ ವಾರವೇ ಬರಬೇಕು. ಸೂಜಿ ಬೇಡ, ಕಾಗದ ಬೇಡ. ಅವಳೆದುರು ಕೂತು, "ತಾಯಿ, ನಿನ್ನ ರಕ್ತದಲ್ಲಿ ಏನಿದೆಯೋ ನಮಗೆ ಇನ್ನೂ ಗೊತ್ತಿಲ್ಲ" ಎಂದುಬಿಡಿ. ನೀವು ಅಷ್ಟು ಅಂದರೆ ಅವಳು ಬದುಕುತ್ತಾಳೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ.

ಇಂತಿ,
ನಿಮಗೆ ಕೈಮುಗಿಯಬೇಕೋ ಕೈಹಿಡಿದು ಎಳೆದು ತರಬೇಕೋ ತಿಳಿಯದ
ಅಮೀನುದ್ದೀನ
ಶಹಾಪುರ