ಅಕ್ಕ ಬಾಗಿಲಲ್ಲಿ ಯಾಕೆ ನಿಂತಿದ್ದಳು?

ವಯಸ್ಕರ ಕಲಿಕಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಾಟಕ ರಚನೆಯ ತರಗತಿಯನ್ನು ನೀವು ಮುಚ್ಚಿಸಿದ್ದೀರಿ. ಈ ಬಗ್ಗೆ ಇದು ನನ್ನ ನಾಲ್ಕನೆಯ ಪತ್ರ. ಮೊದಲ ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ಇದನ್ನು ಊರಿನವರೂ ಪರಿಶೀಲಿಸಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಸಿಟ್ಟೇನಿಲ್ಲ. ಸಿಟ್ಟಿಗೂ ಶಕ್ತಿ ಬೇಕು. ಅದು ಎರಡನೆಯ ಪತ್ರಕ್ಕೇ ತೀರಿಹೋಯಿತು.

‘ಕೇಂದ್ರದಲ್ಲಿ ರಂಗಮಂದಿರವಿಲ್ಲ, ನಾಟಕ ಆಡುವವರೂ ಇಲ್ಲ; ಆಸಕ್ತರು ಕಥೆ, ಕವನದ ತರಗತಿಗೆ ಸೇರಬಹುದು’ ಎನ್ನುತ್ತದೆ ನಿಮ್ಮ ಸೂಚನಾಫಲಕ. ಎಂಥ ಉದಾರತೆ! ನಮ್ಮ ಹನ್ನೊಂದು ಜನರಲ್ಲಿ ನಾಟಕಕಾರರಾಗಲು ಬಂದವರು ಯಾರಿದ್ದರು? ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು; ಕಥೆ ಬರೆಯುವ ಚಟ. ಅಮ್ಮ ತೀರಿಕೊಂಡ ಮೇಲೆ ಅವಳ ಹೊಲಿಗೆ ಯಂತ್ರಕ್ಕಾಗಿ ನನಗೂ ಅಕ್ಕನಿಗೂ ಜಗಳವಾಗಿ, ಆರು ವರ್ಷ ಮಾತು ಬಿಟ್ಟಿದ್ದೆವು. ಗೆದ್ದವನು ನಾನೇ. ಆದರೂ ಆ ಜಗಳವನ್ನು ಹದಿನಾಲ್ಕು ಪುಟದ ಕಥೆ ಮಾಡಿದ್ದೆ. ಪುಟಪುಟದಲ್ಲೂ ಅಕ್ಕ ‘ಕಲ್ಲುಮನಸ್ಸಿನವಳು’, ನಾನು ‘ನೊಂದ ಜೀವ’. ಕಳಿಸಿದ ಪತ್ರಿಕೆಗಳೆಲ್ಲ ಮರಳಿಸಿದವು.

ನಾಟಕದ ಮೇಡಂ ಓದಿ, “ನಿಮ್ಮಕ್ಕನ ಬಾಯಿಗೆ ಬೀಗ ಹಾಕಿದೀರಲ್ರೀ! ಅದೇ ಕೋಣೆ, ನೀವಿಬ್ರು, ಬರೀ ಮಾತು. ಅಷ್ಟರಲ್ಲೇ ಬರ್ಕೊಂಡು ಬನ್ನಿ” ಎಂದರು. ಬರೆದುಕೊಂಡು ಹೋದೆ. ಅಕ್ಕನ ಪಾತ್ರ ಓದಿದವರು ದಪ್ಪ ಮೀಸೆಯ ಬಸ್ ಚಾಲಕರೊಬ್ಬರು. ನಡುವೆಯೇ ಓದು ನಿಲ್ಲಿಸಿ ಕೇಳಿದರು: “ಸಾರ್, ನೀವು ಇಷ್ಟು ಬೈದ್ಮೇಲೂ ನಾನ್ಯಾಕೆ ಬಾಗಿಲ ಹತ್ರಾನೇ ನಿಂತಿದೀನಿ? ಹೊರಟೋಗ್ಬಹುದಿತ್ತಲ್ಲ?”

ಕಥೆಯಲ್ಲಾಗಿದ್ದರೆ ‘ಅವಳ ಮನಸ್ಸು ಹೊಯ್ದಾಡಿತು’ ಎಂದು ಬರೆದು ಜಾರಿಕೊಳ್ಳುತ್ತಿದ್ದೆ. ಎದುರಿಗೆ ನಿಂತ ಮನುಷ್ಯ ಕೇಳಿದಾಗ ಎಲ್ಲಿಗೆ ಜಾರುವುದು? ಮರುದಿನ ಅಕ್ಕನ ಮನೆಗೆ ಹೋಗಿ ಅದನ್ನೇ ಕೇಳಿದೆ. ಅವಳು ಒಗೆದ ಬಟ್ಟೆ ಮಡಚುತ್ತಲೇ ಹೇಳಿದಳು: “ಎರಡು ವರ್ಷ ಅಮ್ಮನ್ನ ಎತ್ತಿ ಕೂರಿಸಿದ್ದು ನಾನು. ನೀನು ಭಾನುವಾರ ಬಂದು ಹೋಗೋನು. ‘ಸುಸ್ತಾಗಿದ್ಯಾ ಅಕ್ಕಾ’ ಅಂತ ಒಂದ್ಸಲ ಕೇಳ್ತೀಯೇನೋ ಅಂತ ನಿಂತಿದ್ದೆ ಕಣೋ. ಮೆಷಿನ್ ಯಾರಿಗೆ ಬೇಕಿತ್ತು?”

ಕಥೆಯನ್ನು ಮತ್ತೆ ಬರೆದೆ. ಹದಿನಾಲ್ಕು ಪುಟ ಐದಾಯಿತು. ವಿಶೇಷಣಗಳೆಲ್ಲ ಉದುರಿ, ಅಕ್ಕ ಬಾಗಿಲಲ್ಲಿ ನಿಂತದ್ದಷ್ಟೇ ಉಳಿಯಿತು. ಅದು ಅಚ್ಚಾಯಿತು. ಅಕ್ಕ ಓದಿ, “ಪರವಾಗಿಲ್ವೋ, ನಿನಗೂ ಕಿವಿ ಬಂತು” ಎಂದಳು. ಬಸ್ ಚಾಲಕರು ಈಗ ಕವನ ಬರೆಯುತ್ತಾರೆ. ಕವನದ ಪ್ರತಿ ಸಾಲನ್ನೂ ಯಾರೋ ಯಾರಿಗೋ ಹೇಳುತ್ತಿರುತ್ತಾರೆ ಎಂಬುದು ಅವರಿಗೆ ಹೊಳೆದದ್ದೂ ನಮ್ಮ ತರಗತಿಯಲ್ಲೇ. ಇದಕ್ಕೆಲ್ಲ ಯಾವ ರಂಗಮಂದಿರ ಬೇಕಿತ್ತು, ಮಾನ್ಯರೇ?

ನಮ್ಮ ಕೋಣೆಯಲ್ಲೀಗ ಕೆಟ್ಟ ಕಂಪ್ಯೂಟರುಗಳನ್ನು ಪೇರಿಸಿದ್ದೀರಿ. ಅವನ್ನು ತೆಗೆಸಿ, ಮೇಡಂ ಅವರನ್ನು ಮರಳಿ ಕರೆಯಿರಿ. ವಾರಕ್ಕೆ ಒಂದು ಸಂಜೆ, ಎರಡು ಗಂಟೆ, ಕೇಳುತ್ತಿರುವುದು ಇಷ್ಟೇ. ಆಗದಿದ್ದರೆ ‘ಆಗದು’ ಎಂದು ಫಲಕದಲ್ಲಿ ಬರೆಸಬೇಡಿ. ಹನ್ನೊಂದು ಜನರ ಮುಖ ನೋಡಿ, ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಈವರೆಗೆ ಒಂದೂ ಪೂರ್ತಿ ನಾಟಕ ಬರೆಯದ, ಇನ್ನು ಪತ್ರ ಬರೆಯಲೂ ಬೇಸತ್ತ,
ನಿಮ್ಮ ಮಾಜಿ ವಿದ್ಯಾರ್ಥಿ